ಬ್ರೇಕು ಸವೆದದ್ದು ಹಿಂದಿನದು, ಬೈಸಿಕೊಂಡದ್ದು ನಾವು!



ಸಾಲ ಮಾಡಿ ಕೊಂಡ ಕಾರು. ಎರಡು ವರ್ಷ ತುಂಬಿರಲಿಲ್ಲ. ಓಡಿದ್ದು ಬರೀ 21,000 ಕಿಲೋಮೀಟರ್. ನಂದಿಗುಡಿಯಿಂದ ಅವ್ವನನ್ನು ಕೂರಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೊರಟಿದ್ದೆ. ಮಲೇಬೆನ್ನೂರು ದಾಟಿದಾಗ ಹಿಂದಿನ ಚಕ್ರದಿಂದ ಕಿರ್ರೆನ್ನುವ ಸದ್ದು. ಹರಿಹರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. 'ಏನೋ ಸೀದ ವಾಸನಿ ಬರ್ತೈತಲ್ಲೋ' ಎಂದಳು ಅವ್ವ. ಇಳಿದು ನೋಡಿದರೆ ಎಡಗಡೆಯ ಹಿಂದಿನ ಗಾಲಿ ಒಲೆಯ ಮೇಲಿಟ್ಟ ಹೆಂಚಿನ ಹಾಗೆ ಕಾದಿತ್ತು. ಕಾರನ್ನು ಪರಿಚಯದವರ ಮನೆ ಮುಂದೆ ಬಿಟ್ಟು ಅವ್ವನನ್ನು ಬಸ್ಸು ಹತ್ತಿಸಿದೆ. ಹತ್ತು ಲಕ್ಷದ ಕಾರಿಗಿಂತ ಕೆಂಪು ಬಸ್ಸೇ ಗಟ್ಟಿ ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೇ ದಿನ ಕಂಪನಿಯ ಗಾಡಿ ಬಂದು ನನ್ನ ಕಾರನ್ನು ಸರ್ವಿಸ್ ಸೆಂಟರಿಗೆ ಎಳೆದುಕೊಂಡು ಹೋಯಿತು. ಅಲ್ಲಿ ಟೈ ಕಟ್ಟಿದ ಒಬ್ಬ ಯುವಕ. ನಾನು ಕನ್ನಡದಲ್ಲಿ ಕೇಳಿದೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸಿದ. ಮತ್ತೆ ಕನ್ನಡದಲ್ಲಿ ಕೇಳಿದೆ, ಈ ಸಲ ಹಿಂದಿಗೆ ಹಾರಿದ! ಸಾರಾಂಶ ಇಷ್ಟು: ನೀವು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀರಿ. ಪ್ಯಾಡು ಸವೆಯುವ ಸಾಮಾನು, ಅದಕ್ಕೆ ವಾರಂಟಿ ಇಲ್ಲ. ಡಿಸ್ಕೂ ಹಾಳಾಗಿದೆ. ಒಟ್ಟು 11,400 ರೂಪಾಯಿ. ಇಲ್ಲಿ ಸಹಿ ಹಾಕಿ.

ಚಕ್ರ ಬಿಚ್ಚದೆಯೇ ತೀರ್ಪು ಬಂದಿತ್ತು. ಸಹಿ ಹಾಕಬೇಕಾದ ಹಾಳೆಯ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಕಣ್ಣು ಕಿರಿದು ಮಾಡಿ ಓದಿದೆ. 'ನನಗೆ ಎಲ್ಲವನ್ನೂ ವಿವರಿಸಲಾಗಿದೆ, ನನ್ನ ಒಪ್ಪಿಗೆ ಇದೆ' ಎಂಬರ್ಥದ ಮಾತು. ಯಾರು ವಿವರಿಸಿದರು? ಯಾವ ಭಾಷೆಯಲ್ಲಿ ವಿವರಿಸಿದರು?

ನಾನು ಸಹಿ ಹಾಕಲಿಲ್ಲ. ನೀವೂ ಹಾಕಬೇಡಿ ಎಂದು ಹೇಳುವುದಕ್ಕೇ ಈ ಬರಹ. ಆದರೆ 'ಹಾಕುವುದಿಲ್ಲ' ಎಂದು ಕೂಗಿದರೆ ಸಾಲದು. ಯಾಕೆ ಹಾಕುವುದಿಲ್ಲ ಎಂದು ಹೇಳುವಷ್ಟು ವಿಷಯ ನಮ್ಮ ತಲೆಯಲ್ಲಿರಬೇಕು. ಬನ್ನಿ, ಮೊದಲು ಅದನ್ನು ತಿಳಿಯೋಣ.

ಹಿಂದಿನದೇ ಯಾಕೆ ಮೊದಲು ಸವೆಯಿತು?

ನಮ್ಮ ಅಪ್ಪಂದಿರ ಕಾಲದ ಕಾರುಗಳಲ್ಲಿ ಮೊದಲು ಸವೆಯುತ್ತಿದ್ದದ್ದು ಮುಂದಿನ ಬ್ರೇಕು. ಕಾರಣ ಸರಳ. ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕು ಹಾಕಿದರೆ ನಿಂತವರೆಲ್ಲ ಮುಂದಕ್ಕೆ ವಾಲುವುದಿಲ್ಲವೇ? ಕಾರಿನ ಭಾರವೂ ಹಾಗೆಯೇ ಮುಂದಕ್ಕೆ ಬೀಳುತ್ತದೆ. ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ಜೋರಾಗಿ ಬ್ರೇಕು ಹಿಡಿದರೆ ಅದು ಜಾರುತ್ತದೆ, ಕಾರು ಅಡ್ಡಡ್ಡ ತಿರುಗುತ್ತದೆ. ಅದಕ್ಕೇ ಹಿಂದಿನ ಗಾಲಿಗೆ ಕಡಿಮೆ ಒತ್ತಡ ಹೋಗಲಿ ಎಂದು ಹಳೆಯ ಕಾರುಗಳಲ್ಲಿ ಒಂದು ವಾಲ್ವ್ ಇಡುತ್ತಿದ್ದರು. ಅನುಮಾನವಿದ್ದರೆ ಹಿಂದಿನದಕ್ಕೆ ಕಡಿಮೆಯೇ ಇರಲಿ ಎಂಬ ಲೆಕ್ಕ.

ಈಗ ಕಾಲ ಬದಲಾಗಿದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಪ್ರತಿ ಗಾಲಿಯ ಬಳಿ ಒಂದು ಸೆನ್ಸರ್, ಮೇಲೊಂದು ಕಂಪ್ಯೂಟರ್. ಯಾವ ಗಾಲಿ ಎಷ್ಟು ತಡೆಯಬಲ್ಲದು ಎಂದು ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಹಿಂದಿನ ಗಾಲಿ ಜಾರುವ ಅಂಚಿನಲ್ಲಿ ಕಂಪ್ಯೂಟರೇ ಹಿಡಿದುಕೊಳ್ಳುವುದರಿಂದ, ಹಿಂದಿನ ಬ್ರೇಕಿನ ಕೈಯಲ್ಲೂ ಧಾರಾಳವಾಗಿ ದುಡಿಸಬಹುದು. ಮೆಲ್ಲಗೆ ಬ್ರೇಕು ಒತ್ತಿದಾಗ ಕಾರಿನ ಮೂತಿ ಬಾಗದಿರಲಿ ಎಂದು ಹಿಂದಿನದಕ್ಕೇ ಹೆಚ್ಚು ಪಾಲು ಕೊಡುವ ಕಾರುಗಳೂ ಇವೆ. ತಿರುವಿನಲ್ಲಿ ಕಾರು ದಾರಿ ತಪ್ಪದಂತೆ ಒಂದೊಂದೇ ಗಾಲಿಯನ್ನು ಹಿಡಿಯುವ ಏರ್ಪಾಡು ಇದ್ದರೆ ನೀವು ಕಾಲಿಡದೆಯೂ ಪ್ಯಾಡು ಸವೆಯುತ್ತದೆ. ಸಾಲದ್ದಕ್ಕೆ ಹಿಂದಿನ ಪ್ಯಾಡು ಮುಂದಿನದಕ್ಕಿಂತ ಚಿಕ್ಕದು, ತೆಳ್ಳಗಿನದು. ಆಳು ಸಣ್ಣವನು, ಕೆಲಸ ದೊಡ್ಡದು!

ಆದ್ದರಿಂದ ಹೊಸ ಕಾರಿನಲ್ಲಿ ಹಿಂದಿನ ಪ್ಯಾಡು ಮೊದಲು ಸವೆದರೆ ಅದು ಡ್ರೈವರನ ತಪ್ಪು ಎಂದು ಹೇಳುವ ಹಾಗಿಲ್ಲ. ಕಂಪನಿಯ ಮೋಸ ಎಂದು ಕೂಗುವ ಹಾಗೂ ಇಲ್ಲ. ಬಿಚ್ಚಿ ನೋಡಬೇಕು. ಇಡೀ ಜಗಳದ ಕೀಲಿ ಈ ಮೂರು ಅಕ್ಷರದ ಮಾತಿನಲ್ಲಿದೆ: ಬಿಚ್ಚಿಸಿ!

ಸವೆತದ ಸಾಕ್ಷಿ ಓದುವುದು ಹೇಗೆ?

ಒಂದೊಂದು ಗಾಲಿಯಲ್ಲಿ ಡಿಸ್ಕಿನ ಒಳಗೊಂದು, ಹೊರಗೊಂದು ಪ್ಯಾಡ್ ಇರುತ್ತದೆ. ಹಿಂದಿನ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ನಾಲ್ಕೂ ಒಂದೇ ಸಮ ಸವೆದಿದ್ದರೆ ಅದು ಕಂಪ್ಯೂಟರಿನ ಪಾಲುಗಾರಿಕೆ, ಇಲ್ಲವೇ ನಿಮ್ಮ ಓಡಿಸುವ ರೀತಿ, ಇಲ್ಲವೇ ಹೇರಿದ ಭಾರ. ಪ್ಯಾಡಿನ ದುಡ್ಡು ಕೊಟ್ಟು ಬನ್ನಿ, ಜಗಳ ಬೇಡ.

ಆದರೆ ಎಡಗಡೆಯದು ಮುಗಿದು ಬಲಗಡೆಯದು ದಪ್ಪಗಿದ್ದರೆ? ಒಂದೇ ಗಾಲಿಯಲ್ಲಿ ಒಳಗಿನದು ತಗಡಾಗಿ ಹೊರಗಿನದು ಹೊಸದರಂತೆ ಇದ್ದರೆ? ಅದು ನಿಮ್ಮ ಕಾಲಿನ ತಪ್ಪಾಗಲು ಸಾಧ್ಯವೇ ಇಲ್ಲ. ನೀವು ಒತ್ತುವ ಪೆಡಲ್ ಒಂದೇ. ಎಡಕ್ಕೊಂದು ಬಲಕ್ಕೊಂದು ಪೆಡಲ್ ಇಲ್ಲವಲ್ಲ! ಕ್ಯಾಲಿಪರ್ ಜಾರಾಡುವ ಪಿನ್ನು ಸಿಕ್ಕಿಕೊಂಡಿದೆ, ಅಥವಾ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಅಥವಾ ಒಂದು ಬದಿಯ ಹ್ಯಾಂಡ್ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ನಮ್ಮ ಗ್ಯಾರೇಜಿನವರು ಇದನ್ನೇ 'ಬ್ರೇಕು ಹಿಡಿದುಕೊಂಡಿದೆ' ಎನ್ನುವುದು. ಪ್ಯಾಡು ಸವೆಯುವ ಸಾಮಾನು ನಿಜ. ಆದರೆ ಕ್ಯಾಲಿಪರ್, ಪಿಸ್ಟನ್ ಸವೆದು ಹೋಗಲೆಂದು ಮಾಡಿದ ಸಾಮಾನಲ್ಲ. ಕಾರಿನ ವಾರಂಟಿ ಇನ್ನೂ ಇದ್ದರೆ ಅವುಗಳ ಬಗ್ಗೆ ಕೇಳುವ ಹಕ್ಕು ನಿಮಗಿದೆ.

ನನ್ನ ಕಾರಿನಲ್ಲಿ ಆದದ್ದೂ ಇದೇ. ಹರಿಹರದಿಂದ ಒಬ್ಬ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋದೆ. 'ನಮ್ಮ ಕಣ್ಣ ಮುಂದೆ ಬಿಚ್ಚಿ' ಎಂದು ಪಟ್ಟು ಹಿಡಿದೆವು. ಅರ್ಧ ಗಂಟೆ ವಾದವಾಯಿತು. ಬಿಚ್ಚಿದರು. ಬಲಗಡೆ ಎರಡೂ ಪ್ಯಾಡು ಅರ್ಧ ಉಳಿದಿದ್ದವು. ಎಡಗಡೆ ಹೊರಗಿನದು ದಪ್ಪಗಿತ್ತು, ಒಳಗಿನದರಲ್ಲಿ ಬರೀ ಕಬ್ಬಿಣ. ಪಿನ್ನಿನ ರಬ್ಬರ್ ಟೊಪ್ಪಿಗೆ ಹರಿದು ಒಳಗೆಲ್ಲ ಕೆಸರು ಒಣಗಿ ತುಕ್ಕು ಹಿಡಿದಿತ್ತು. ಮೇಸ್ತ್ರಿ ಆ ಯುವಕನಿಗೆ ಹೇಳಿದ್ದು ಒಂದೇ ಮಾತು: 'ಇದು ಇವರ ಕಾಲಿನ ಕೆಲಸ ಅಲ್ಲಪಾ, ನಿಮ್ಮ ಪಿನ್ನಿನ ಕೆಲಸ.' ಟೈ ಕಟ್ಟಿದವನ ಬಾಯಿಂದ ಆಗ ಅಚ್ಚ ಕನ್ನಡ ಬಂತು. ಅವನೂ ನಮ್ಮ ಜಿಲ್ಲೆಯ ಹುಡುಗನೇ! ಕನ್ನಡದಲ್ಲಿ ಮಾತಾಡಿದರೆ ಗಿರಾಕಿ ಹೆಚ್ಚು ಪ್ರಶ್ನೆ ಕೇಳುತ್ತಾನೆ ಎಂದು ಅವನಿಗೆ ಕಲಿಸಿದವರು ಯಾರೋ? ಕ್ಯಾಲಿಪರ್ ವಾರಂಟಿಯಲ್ಲಿ ಬದಲಾಯಿತು. ಪ್ಯಾಡಿನ ಹಣ ನಾನು ಕೊಟ್ಟೆ. ಪೂರ್ತಿ ಗೆಲುವಲ್ಲ, ಆದರೆ ಸೋಲೂ ಅಲ್ಲ.

ನಮ್ಮ ತಪ್ಪೂ ಇದೆ

ಬರೀ ಅವರನ್ನು ಬೈದರೆ ನ್ಯಾಯವಾಗುವುದಿಲ್ಲ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸದೆ ಮೈಲುಗಟ್ಟಲೆ ಓಡಿಸುವವರು ನಮ್ಮಲ್ಲೇ ಇದ್ದಾರೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಗಾಲಿಯನ್ನೇ. ಐದು ಜನರ ಕಾರಿಗೆ ಎಂಟು ಜನ, ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ ಹೇರಿ ಬೆಂಗಳೂರಿಗೆ ಹೊರಡುವವರೂ ನಾವೇ. ಆ ಭಾರ ಬೀಳುವುದು ಹಿಂದಕ್ಕೇ.

ನಮ್ಮ ರಸ್ತೆಗಳೋ! ನಂದಿಗುಡಿ, ಮಲೇಬೆನ್ನೂರು ಸುತ್ತ ಭದ್ರಾ ನಾಲೆಯ ನೀರಿನ ಗದ್ದೆ ಸೀಮೆ. ನಾಟಿಯ ಕಾಲದಲ್ಲಿ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನೆಲ್ಲ ಟಾರು ರಸ್ತೆಗೆ ತರುತ್ತವೆ. ಮುಂದಿನ ಗಾಲಿ ಅದನ್ನು ಎರಚುತ್ತದೆ, ಹಿಂದಿನ ಬ್ರೇಕು ಅದನ್ನು ತಿನ್ನುತ್ತದೆ. ಕಾರನ್ನು ಮೇಲೆ ಮಾತ್ರ ಹೊಳೆಯುವಂತೆ ಒರೆಸುವ ನಾವು ಚಕ್ರದ ಒಳಗೆ ನೀರು ಹಾಯಿಸುತ್ತೇವೆಯೇ?

ಇಷ್ಟು ಮಾಡಿ:

ತಿಂಗಳಿಗೊಮ್ಮೆ ಮೊಬೈಲ್ ಟಾರ್ಚು ಹಿಡಿದು ಚಕ್ರದ ಸಂದಿಯಲ್ಲಿ ಪ್ಯಾಡು ನೋಡಿ. ಕಾಣುವುದು ಹೊರಗಿನದು ಮಾತ್ರ. ಅದನ್ನು ನಂಬಿ ನನ್ನ ಹಾಗೆ ಮೋಸ ಹೋಗಬೇಡಿ. 10,000 ಕಿಲೋಮೀಟರಿಗೊಮ್ಮೆ ಚಕ್ರ ಬಿಚ್ಚಿಸಿ ಒಳಗಿನದನ್ನೂ ನೋಡಿ. ಪಿನ್ನು ಕೈಯಲ್ಲಿ ಸಲೀಸಾಗಿ ಜಾರುತ್ತದೆಯೇ ಎಂದು ಪರೀಕ್ಷಿಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿಸಿ.

ಪ್ಯಾಡಿನ ಉಜ್ಜುವ ಭಾಗ 3 ಮಿಲಿಮೀಟರಿಗೆ, ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಒಂದು ನೂಲಿಗೆ, ಇಳಿದರೆ ಬದಲಿಸಿ. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಸದ್ದು ಬಂದ ಮೇಲೂ ಓಡಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೂ ಹೋಗುತ್ತದೆ.

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಎರಡೂ ಹಿಂದಿನ ಚಕ್ರದ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಟ್ಟೀತು. ಒಂದು ಬದಿ ಮಾತ್ರ ಝಳ ಹೊಡೆದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ.

ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದೇ ಬಿಟ್ಟರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ.

ಸ್ವಿಚ್ ಒತ್ತಿದರೆ ಬೀಳುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ನಿಮ್ಮ ಕಾರಿನಲ್ಲಿದ್ದರೆ ಎಚ್ಚರ. ಪಿಸ್ಟನ್ನನ್ನು ಸರ್ವಿಸ್ ಮೋಡಿಗೆ ಹಾಕಿಯೇ ಹಿಂದಕ್ಕೆ ಸರಿಸಬೇಕು. ಬಲವಂತವಾಗಿ ಒತ್ತಿದರೆ ಒಳಗಿನ ಮೋಟಾರಿನ ಕೆಲಸ ಕೆಡುತ್ತದೆ. ಗೊತ್ತಿರುವ ಮೇಸ್ತ್ರಿಯ ಕೈಗೇ ಕೊಡಿ.

ಸಹಿ ಹಾಕುವ ಮುನ್ನ

ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ಅವರು ಬರೆಯದಿದ್ದರೆ ನೀವೇ ಪೆನ್ನು ತೆಗೆದು ಕನ್ನಡದಲ್ಲಿ ಬರೆಯಿರಿ: 'ಎಡಗಡೆ ಹಿಂದಿನ ಒಳ ಪ್ಯಾಡು ಮಾತ್ರ ಸವೆದಿದೆ, ಪಿನ್ನು ಜಾರುತ್ತಿಲ್ಲ.' ನಾಲ್ಕೂ ಪ್ಯಾಡಿನ ಫೋಟೋ ತೆಗೆದುಕೊಳ್ಳಿ. ಹಳೆಯ ಸಾಮಾನು ವಾಪಸ್ ಕೇಳಿ. 'ವಾರಂಟಿ ಇಲ್ಲ' ಎಂದರೆ ಯಾಕಿಲ್ಲ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಹುಲಿಯಾದವರು ಕಾಗದದ ಮುಂದೆ ಇಲಿಯಾಗುವುದನ್ನು ಕಾಣುವಿರಿ.

ಆದರೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡವೂ ನಡೆಯುತ್ತದೆ. ಅದಕ್ಕೂ ಮೇಲೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದೊಳಗೆ ಕೊಡಬೇಕು.

ಒಂದೇ ಮಾದರಿಯ ಕಾರುಗಳಲ್ಲಿ ಇದೇ ದೋಷ ಮತ್ತೆ ಮತ್ತೆ ಕಂಡರೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ, ಅಪಾಯಕಾರಿ ದೋಷವಿರುವ ವಾಹನಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡಿ ಎಂದು ಕಂಪನಿಗೆ ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅದು ಒಬ್ಬನ ದೂರಿಗೆ ಅಲುಗುವ ಕಲ್ಲಲ್ಲ. ಹತ್ತು ಕೈ ಸೇರಬೇಕು. ನಿಮ್ಮ ಓಣಿಯಲ್ಲಿ, ಆಫೀಸಿನಲ್ಲಿ ಅದೇ ಕಾರು ಇರುವವರನ್ನು ಕೇಳಿ ನೋಡಿ.

ಭಾಷೆಯ ಮಾತೂ ಆಡಲೇಬೇಕು. ಬ್ರೇಕಿಗೆ 'ಗತಿರೋಧಕ' ಎನ್ನಿ ಎಂದು ಯಾರೂ ಕೇಳುತ್ತಿಲ್ಲ. ಬ್ರೇಕು, ಪ್ಯಾಡು, ಪಿನ್ನು ಎಲ್ಲ ಎಂದೋ ಕನ್ನಡವಾಗಿವೆ. ನಾವು ಕೇಳುವುದು ವಾಕ್ಯವನ್ನು. ಏನಾಗಿದೆ, ಯಾಕಾಗಿದೆ, ಎಷ್ಟು ಖರ್ಚು ಎಂಬ ಮೂರು ವಾಕ್ಯ ಕನ್ನಡದಲ್ಲಿ ಬರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಇಲ್ಲೇ ತಯಾರಾಗಿ ಇಲ್ಲೇ ಮಾರುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಹೊರ ರಾಜ್ಯದಲ್ಲಿ ತಯಾರಾದ ಕಾರಿಗೆ ಈ ಮಾತು ಮುಟ್ಟದು. ಅಲ್ಲಿ ಮುಟ್ಟಬೇಕಾದದ್ದು ಗಿರಾಕಿಯ ಬಾಯಿ.

ಯಂತ್ರದ ಮಾತು ಕನ್ನಡಕ್ಕೆ ಒಗ್ಗದು ಎನ್ನುವವರನ್ನು ಹರಿಹರಕ್ಕೆ ಕರೆತನ್ನಿ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು, ಲೇತ್ ಯಂತ್ರಗಳನ್ನು ಮಾಡಿತು. ಅದರ ಬೀಡಿಗೆ ಯಂತ್ರಾಪುರ ಎಂದೇ ಹೆಸರಾಯಿತು. ಕಾರ್ಖಾನೆ ಮುಚ್ಚಿದೆ, ಹೆಸರು ಉಳಿದಿದೆ. ನನ್ನ ಜೊತೆ ಬಂದ ಮೇಸ್ತ್ರಿಯ ತಂದೆ ಅಲ್ಲಿ ಲೇತಿನ ಮುಂದೆ ನಿಂತು ಬದುಕು ಸವೆಸಿದವರು. ಕೂದಲೆಳೆಯ ಅಳತೆಯನ್ನು ಅವರು ಮಗನಿಗೆ ಹೇಳಿಕೊಟ್ಟದ್ದು ಯಾವ ಭಾಷೆಯಲ್ಲಿ?

ಮೊನ್ನೆ ಅವ್ವನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊರಡುವ ಮುಂಚೆ ಅವಳು ಕೇಳಿದಳು: 'ಬ್ರೇಕ್ ನೋಡಿಸಿದೇನೋ?' ನೋಡಿಸಿದ್ದೆ. ನೀವು?