ಮಳೆಗಾಲದ ಪೆಟ್ರೋಲಿಗೆ ಲೋಹದ ಕ್ಯಾನ್ ಕಡ್ಡಾಯವಾಗಲಿ



ಮುಂಗಾರು ಹಿಡಿಯಿತೆಂದರೆ ಆಗುಂಬೆ, ಮೇಗರವಳ್ಳಿ ಕಡೆಯ ಹಳ್ಳಿಗಳಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಅದೇ ಹೊತ್ತಿಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿ. ಜನರೇಟರ್‌ಗೂ ಔಷಧಿ ಪಂಪಿಗೂ ಮನೆಯಲ್ಲಿ ಪೆಟ್ರೋಲ್ ಇರಲೇಬೇಕು. ಆದರೆ ಅದನ್ನು ಹೇಗೆ ತರಬೇಕು, ಎಲ್ಲಿಡಬೇಕು ಎಂದು ಹೇಳುವವರೇ ಇಲ್ಲ.

ಕೆಲವು ಬಂಕುಗಳಲ್ಲಿ ಕ್ಯಾನ್ ಕಂಡರೆ ವಾಪಸು ಕಳಿಸುತ್ತಾರೆ, ಕೆಲವೆಡೆ ನೀರಿನ ಬಾಟಲಿಗೂ ತುಂಬಿಸಿಕೊಡುತ್ತಾರೆ. ಬರಿಗೈಲಿ ಬಂದವರಿಗೆ ಊರಿನ ಅಂಗಡಿಯ ಬಾಟಲಿ ಪೆಟ್ರೋಲೇ ಗತಿ.

ಕಾನೂನಿನಲ್ಲಿ ಗೊಂದಲವಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಬಿಗಿ ಮುಚ್ಚಳದ ಒಂದೊಂದು ಪಾತ್ರೆಯ ಅಳತೆ ಲೋಹದ್ದಾದರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್ ಮೀರಬಾರದು. ಪ್ಲಾಸ್ಟಿಕ್ ಬಾಟಲಿಯ ಹೆಸರೇ ಅದರಲ್ಲಿಲ್ಲ.

ನಮ್ಮ ಕಡೆಯ ಅಪಾಯ ಬಚ್ಚಲುಮನೆಯಲ್ಲಿದೆ. ಮಳೆಗಾಲವಿಡೀ ಹಂಡೆ ಒಲೆ ಆರುವುದಿಲ್ಲ. ಪಕ್ಕದ ಸೌದೆ ರಾಶಿಯ ಮೂಲೆಯಲ್ಲೇ ಪೆಟ್ರೋಲ್ ಕ್ಯಾನ್ ಇಡುವ ಮನೆಗಳು ಎಷ್ಟೋ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಳ ಸಡಿಲವಿದ್ದರೆ ನೆಲದ ಮೇಲೆ ಹರಿದು ಒಲೆಯ ಬಾಯಿಗೆ ಹೋಗುತ್ತದೆ, ಅಲ್ಲಿಂದ ಬೆಂಕಿ ಕ್ಯಾನಿನ ತನಕ ಬರಲು ಕ್ಷಣ ಸಾಕು. ಮಳೆಯ ಎರಚಲಿಗೆ ಹೆದರಿ ಜನರೇಟರನ್ನು ಒಳಗೆ ಓಡಿಸುವುದೂ ಜೀವಕ್ಕೆ ಎರವು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಮಲೆನಾಡಿನ ತೇವವನ್ನು ಹೀರಿ ಕೆಡುವುದರಿಂದ ಹೆಚ್ಚು ಕೂಡಿಡುವುದರಲ್ಲೂ ಅರ್ಥವಿಲ್ಲ.

ಆದ್ದರಿಂದ ತಾಲ್ಲೂಕು ಆಡಳಿತ ಮೇ ತಿಂಗಳೊಳಗೆ ಬಂಕ್ ಮಾಲೀಕರು, ತೈಲ ಕಂಪನಿಗಳು ಮತ್ತು ಅಗ್ನಿಶಾಮಕ ದಳದವರನ್ನು ಕೂರಿಸಿ ತೀರ್ಮಾನಿಸಲಿ: ಲೋಹದ ಕ್ಯಾನ್ ತಂದ ರೈತರಿಗೆ ಮಿತಿಯೊಳಗೆ ಪೆಟ್ರೋಲ್ ಕೊಡಬೇಕು, ಪ್ಲಾಸ್ಟಿಕ್ ಬಾಟಲಿಗೆ ಎಲ್ಲೂ ತುಂಬಿಸಬಾರದು, ಅಂಗಡಿಗಳ ಚಿಲ್ಲರೆ ಮಾರಾಟ ನಿಲ್ಲಬೇಕು. ಕೊಳೆ ಔಷಧಿಗೆ ಬೇಕಾದ ಮೈಲುತುತ್ತ ಒದಗಿಸುವ ಸಹಕಾರ ಸಂಘಗಳೇ ಕ್ಯಾನನ್ನೂ ರಿಯಾಯಿತಿ ದರದಲ್ಲಿ ಕೊಡಲಿ. ಗ್ರಾಮಸಭೆಯಲ್ಲಿ ಅಗ್ನಿಶಾಮಕ ಸಿಬ್ಬಂದಿ ಒಮ್ಮೆ ಪ್ರಾತ್ಯಕ್ಷಿಕೆ ಮಾಡಿ ತೋರಿಸಲಿ. ವಿದ್ಯುತ್ ಕಂಪನಿ ಮೆಸ್ಕಾಂ ಮಳೆಗೆ ಮೊದಲೇ ತಂತಿಗೆ ತಾಗುವ ಕೊಂಬೆ ಕಡಿಸಿದರೆ ಇಷ್ಟು ಪೆಟ್ರೋಲ್ ಮನೆಯಲ್ಲಿಡುವ ಪ್ರಮೇಯವೂ ಕಡಿಮೆಯಾಗುತ್ತದೆ. ಒಂದು ಮನೆ ಸುಟ್ಟ ಮೇಲೆ ಪರಿಹಾರದ ಚೆಕ್ ಹಿಡಿದು ಬರುವುದಕ್ಕಿಂತ ಈ ಕೆಲಸ ಸುಲಭ, ಖರ್ಚೂ ಕಡಿಮೆ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು