ಪರರ ಅಂಗಳದ ಹಸಿರು

ಮುಂಬಯಿಗೆ ಋತುಗಳೇ ಇಲ್ಲ, ಇಲ್ಲಿರುವುದು ಮಳೆ ಮತ್ತು ಸೆಕೆ ಎರಡೇ ಎಂದು ಊರಿನಿಂದ ಹೊಸತಾಗಿ ಬಂದವರು ಹೇಳುವುದುಂಟು. ನಸುಕಿನಲ್ಲೇ ಎದ್ದು ಒಲೆಯ ಮುಂದೆ ನಿಲ್ಲುವವರಿಗೂ, ಡೊಂಬಿವಲಿಯಿಂದಲೋ ವಿರಾರದಿಂದಲೋ ಗಾಡಿ ಹಿಡಿದು ಬಂದು ಕಚೇರಿಯ ದೀಪದ ಕೆಳಗೆ ಹಗಲು ಕಳೆಯುವವರಿಗೂ ಹಾಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಋತುಗಳು ಈ ನಗರಕ್ಕೂ ತಪ್ಪದೆ ಬರುತ್ತವೆ. ಅವುಗಳ ಗುರುತು ನಮಗೆ ಸಿಕ್ಕುವುದು ಬಹುತೇಕ ಪರರ ಅಂಗಳದಲ್ಲಿ, ಪರರ ಕಿಟಕಿಯಲ್ಲಿ.

ಗಿರಗಾಂವದ ಖೋತಾಚಿ ವಾಡಿಯ ಹಳೆಯ ಮರದ ಮನೆಗಳ ಜಗಲಿಯಲ್ಲಿಟ್ಟ ಹೂಕುಂಡಗಳನ್ನಾಗಲಿ, ಮಾಟುಂಗಾದ ನಮ್ಮ ಉಪಾಹಾರಗೃಹಗಳಿಗೆ ಸಮೀಪದ ದಾದರ ಪಾರ್ಸಿ ಕಾಲನಿಯ ನೆರಳನ್ನಾಗಲಿ, ಉಪನಗರದ ಚಾಳುಗಳ ಬಾಗಿಲಲ್ಲಿ ಎಣ್ಣೆಯ ಡಬ್ಬಿಯೊಳಗೆ ಬೆಳೆದ ತುಳಸಿಯನ್ನಾಗಲಿ ಕಂಡು ಒಂದು ಗಳಿಗೆ ನಿಲ್ಲದ ಕನ್ನಡಿಗನು ವಿರಳ. ನೋಡುವುದಕ್ಕೆ ಬಾಡಿಗೆಯಿಲ್ಲ. ಪರರ ಸೊತ್ತಿಗೆ ಕರುಬುವುದು ದೋಷವಾದರೆ ಪರರ ಹೂವನ್ನು ಮೆಚ್ಚುವುದು ಗುಣವೇ ಸರಿ. ಆದರೆ ಆ ಮೆಚ್ಚುಗೆಯು ನಿಟ್ಟುಸಿರಿನಲ್ಲಿ ಕೊನೆಗೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಈ ಊರಿನ ಬಿಸಿಲು, ಮಳೆ, ಉಪ್ಪುಗಾಳಿಗಳಲ್ಲಿ ಯಾವ ಗಿಡ ಬಾಳುತ್ತದೆ, ಯಾವುದು ಬಾಡುತ್ತದೆ ಎಂಬುದನ್ನು ನೆರೆಯವರು ತಮ್ಮ ಖರ್ಚಿನಲ್ಲಿ ಪರೀಕ್ಷಿಸಿ ತೋರಿಸಿರುತ್ತಾರೆ. ವರ್ಷವಿಡೀ ಕಣ್ಣಿಟ್ಟು ನೋಡಿದವನಿಗೆ ಅದೊಂದು ಶುಲ್ಕವಿಲ್ಲದ ಪಾಠಶಾಲೆ.

ಜೂನಿನಿಂದ ಸಪ್ಟೆಂಬರಿನವರೆಗೆ ಇಲ್ಲಿ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನಮ್ಮ ಕರಾವಳಿಯ ಗಿಡಗಳಿಗೆ ಇದು ಪರಿಚಿತವಾದ ಹವೆ. ಗಾವಠಾಣಗಳ ಹಳೆಯ ಮನೆಗಳ ಹಿತ್ತಲಲ್ಲಿ ಕೆಸು ಕೊಡೆ ಬಿಡಿಸುವುದು ಆಗಲೇ. ನಾವು ಪತ್ರೊಡೆ ಮಾಡುವ ಆ ಎಲೆಯಿಂದಲೇ ನೆರೆಯ ಮರಾಠಿ ಗೃಹಿಣಿಯು ಆಳೂವಡಿ ಮಾಡುತ್ತಾಳೆ. ಗೌರಿ ಹಬ್ಬದ ಹೊತ್ತಿಗೆ ಕರ್ಣಕುಂಡಲ ಅರಳುತ್ತದೆ. ಬಸಳೆಯು ಕಿಟಕಿಯ ಸರಳನ್ನು ಹಿಡಿದು ಮೇಲೇರುತ್ತದೆ. ಮರಾಠಿಯಲ್ಲಿ ಬಸಳೆಗೆ ಮಾಯಾಳು ಎಂದು ಹೆಸರು. ಮಮತೆಯುಳ್ಳವರನ್ನೂ ಅವರು ಮಾಯಾಳು ಎಂದೇ ಕರೆಯುತ್ತಾರೆ. ಒಂದು ಗೇಣು ದಂಟನ್ನು ಕೇಳಿ ತಂದು ಹಸಿಮಣ್ಣಿನಲ್ಲಿ ಊರಿದರೆ ಸಾಕು, ಅದು ಚಿಗುರುತ್ತದೆ. ಹೀಗೆ ಕೇಳುವುದರಲ್ಲಿ ಸಂಕೋಚವೇಕೆ? ಗಿಡ ಸಾಕಿದವರಿಗೆ ಅದನ್ನು ಹೊಗಳಿ ಟೊಂಗೆ ಕೇಳುವವರಷ್ಟು ಪ್ರಿಯರು ಬೇರೆ ಇಲ್ಲ. ಭಾಷೆ ಬಾರದ ನೆರೆಮನೆಯೊಡನೆಯೂ ಮಾತು ಬೆಳೆಯುವುದು ಇಂತಹ ಕೊಡುಕೊಳ್ಳುವಿಕೆಯಿಂದ.

ಕಾರ್ತಿಕದಲ್ಲಿ ನಾವು ತುಳಸಿಯ ಜೊತೆಗೆ ನೆಲ್ಲಿಯ ಟೊಂಗೆಯನ್ನು ನೆಟ್ಟು ಪೂಜಿಸುವಾಗ, ಎದುರಿನ ಚಾಳಿನವರು ಅದೇ ತುಳಸಿಗೆ ಮದುವೆ ಮಾಡುತ್ತಿರುತ್ತಾರೆ. ಬಳಿಕ ಬರುವ ಮಾಗಿಯು ಸೇವಂತಿಗೆಗೂ ಸೊಪ್ಪುಗಳಿಗೂ ಒಳ್ಳೆಯ ಕಾಲ. ಕಡಲ ಬದಿಯ ಮರಳಿನಲ್ಲಿ ಬೆಳೆದ ಎಳೆಯ ಮೆಂತ್ಯವನ್ನು ಇಲ್ಲಿನ ಪೇಟೆಯಲ್ಲಿ ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾರುವುದನ್ನು ವಾಚಕರು ಬಲ್ಲರು. ಆಳವಿಲ್ಲದ ಒಂದು ತಟ್ಟೆಯಲ್ಲಿ ಅಡಿಗೆಮನೆಯ ಹಿಡಿ ಮೆಂತ್ಯವನ್ನು ಬಿತ್ತಿದರೆ ಎರಡು ಮೂರು ವಾರಗಳಲ್ಲಿ ಅಂತಹ ಸೊಪ್ಪು ನಮಗೂ ಸಿಗುವುದು. ಮಾಗಿಯಲ್ಲಿ ಮಹಾನಗರಪಾಲಿಕೆಯು 1862ರಲ್ಲಿ ತೆರೆದ ಭಾಯಖಳಾದ ರಾಣೀಬಾಗಿನಲ್ಲಿ ಪುಷ್ಪ ಪ್ರದರ್ಶನವನ್ನು ಏರ್ಪಡಿಸುತ್ತದೆ. ವಾರದ ರಜೆಯ ಒಂದು ಹೊತ್ತನ್ನು ಅಲ್ಲಿ ಕಳೆಯುವುದು ನಷ್ಟವಲ್ಲ. ಇನ್ನು ಬೇಸಗೆ ಬಂದರೆ ಮಲ್ಲಿಗೆಯ ಕಾಲ. ಅಕ್ಕಿ ತೊಳೆದ ನೀರನ್ನೂ, ಹಾಲು ಸಕ್ಕರೆ ಹೋಗುವಂತೆ ತೊಳೆದು ಒಣಗಿಸಿದ ಚಹಾಪುಡಿಯನ್ನೂ ಗಿಡಕ್ಕೆ ಹಾಕಬಹುದೆಂಬುದನ್ನು ಉಪಾಹಾರಗೃಹದ ಬಂಧುಗಳಿಗೆ ನಾವು ನೆನಪಿಸಬೇಕಾಗಿಲ್ಲ.

ಇಷ್ಟಾದರೂ ಗಿಡಕ್ಕೆ ಸ್ಥಳ ಬೇಕು. ಕೆಲಸದ ಜಾಗದಲ್ಲೇ ಮಲಗಿ ಏಳುವ ಹುಡುಗನಿಗೆ ಕಿಟಕಿಯೂ ತನ್ನದಲ್ಲ. ಇದಕ್ಕೆ ಪರಿಹಾರವಿಲ್ಲವೆನ್ನುವವರು ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡಿಗೆಮನೆಯ ಉದಾಹರಣೆಯನ್ನು ಗಮನಿಸಬೇಕು. ಸಾವಿರಾರು ನೌಕರರಿಗೆ ಅಡಿಗೆ ಮಾಡುತ್ತಿದ್ದ ಆ ಕಟ್ಟಡದ ಮಾಳಿಗೆಯ ಮೇಲೆ, ಅಲ್ಲಿನ ಆಹಾರ ವಿಭಾಗದ ಅಧಿಕಾರಿಣಿ ಪ್ರೀತಿ ಪಾಟೀಲರು 2002ರಲ್ಲಿ ಅಡಿಗೆಮನೆಯ ಕಸವನ್ನೇ ಗೊಬ್ಬರವಾಗಿಸಿ ತೋಟವೆಬ್ಬಿಸಿದರು. ತರಕಾರಿಗಳು, ಹಣ್ಣಿನ ಗಿಡಗಳು ಅಲ್ಲಿ ಬೆಳೆದವು. ನೀರೆರೆದು ಸಾಕಿದವರಲ್ಲಿ ಅಡಿಗೆಮನೆಯ ನೌಕರರೇ ಇದ್ದರು. ತರಕಾರಿಯ ಸಿಪ್ಪೆಗೆ ನಮ್ಮ ಹೋಟೆಲುಗಳಲ್ಲಿ ಕೊರತೆಯೇ? ಕೊರತೆಯಿರುವುದು ಮಾಲಕರ ಅನುಮತಿಗೆ ಮಾತ್ರ. ಭಾರ ತಾಳುವ ಮಾಳಿಗೆಯ ಒಂದು ಮೂಲೆಯನ್ನು ಕೆಲಸಗಾರರಿಗೆ ಬಿಟ್ಟುಕೊಟ್ಟರೆ, ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೆ ಮನಸ್ಸಿಗೊಪ್ಪುವ ಕೆಲಸವೊಂದು ದೊರೆಯುವುದು. ಹಗಲೆಲ್ಲ ಪರರ ಎಲೆಗೆ ಬಡಿಸುವವನು ತನ್ನದೆಂಬ ಒಂದು ಗಿಡವನ್ನು ಬಯಸುವುದು ಅತಿಯಾಸೆಯಲ್ಲ.

ಚಾಳುಗಳ ವಿಷಯವೂ ಇದರೊಡನೆ ಸೇರಿದೆ. ನಗರದ ಹಳೆಯ ಚಾಳುಗಳು ಒಂದೊಂದಾಗಿ ಉರುಳಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. 2025ರ ಆಗಸ್ಟಿನಲ್ಲಿ ವರ್ಲಿಯ ಬಿ.ಡಿ.ಡಿ. ಚಾಳುಗಳ 556 ಕುಟುಂಬಗಳಿಗೆ ಹೊಸ ಮನೆಗಳ ಕೀಲಿಕೈ ದೊರೆಯಿತು. ಇಕ್ಕಟ್ಟಾದ ಕೋಣೆಯಲ್ಲಿ ಜೀವ ತೇದವರಿಗೆ ವಿಶಾಲವಾದ ಮನೆ ಸಿಕ್ಕುವುದು ಸಂತೋಷದ ಸಂಗತಿಯೇ. ಆದರೆ ಚಾಳಿನ ಉದ್ದದ ಗ್ಯಾಲರಿಯಲ್ಲಿ ಒಬ್ಬರ ತುಳಸಿಗೆ ಇನ್ನೊಬ್ಬರು ನೀರು ಹಾಕುವ ರೂಢಿಯಿತ್ತು. ಮುಚ್ಚಿದ ಬಾಗಿಲುಗಳ ಹೊಸ ಕಟ್ಟಡದಲ್ಲಿ ಅದಕ್ಕೆ ಎಡೆಯೆಲ್ಲಿ? ಪುನರ್ನಿರ್ಮಾಣದ ಕರಾರಿಗೆ ಸಹಿ ಹಾಕುವ ಸೊಸೈಟಿಗಳ ಸದಸ್ಯರು ಚದರಡಿಯ ಲೆಕ್ಕ ಕೇಳುವಾಗ, ಬಿಸಿಲು ಬೀಳುವ ಸಾಮೂಹಿಕ ಸ್ಥಳವೆಷ್ಟೆಂದೂ ಕೇಳಬೇಕು. ಕೀಲಿಕೈ ಕೈಗೆ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ಗಿಡ ಇಡುವವರಿಗೂ ಕರ್ತವ್ಯಗಳುಂಟು. ದಾರಿಹೋಕರ ತಲೆಯ ಮೇಲೆ ಕುಂಡ ಬೀಳದಂತೆ ಭದ್ರವಾಗಿ ಕಟ್ಟಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಬೇಕು. ಡೆಂಗೀ ಹರಡುವ ಸೊಳ್ಳೆ ಹುಟ್ಟುವುದು ಅಂತಹ ನೀರಿನಲ್ಲಿಯೇ.

ಕೊನೆಯದಾಗಿ, ನಗರದಲ್ಲಿರುವ ನಮ್ಮ ಕನ್ನಡ ಸಂಘಗಳಿಗೆ ಒಂದು ಸೂಚನೆ. ವರ್ಷದಲ್ಲಿ ಹಲವು ಸಮಾರಂಭಗಳನ್ನು ನಡೆಸುವ ಅವು ಮಳೆಗಾಲದ ಆರಂಭದಲ್ಲಿ ಒಂದು ಭಾನುವಾರವನ್ನು ಬಸಳೆಯ ದಂಟು, ದಾಸವಾಳದ ಟೊಂಗೆ, ತುಳಸಿಯ ಸಸಿಗಳ ವಿನಿಮಯಕ್ಕಾಗಿ ಮೀಸಲಿಡಲಿ. ಇದ್ದವರು ತರಲಿ, ಇಲ್ಲದವರು ಒಯ್ಯಲಿ. ಇದಕ್ಕೆ ಚಂದಾ ಬೇಡ, ಅಧ್ಯಕ್ಷರ ಭಾಷಣವೂ ಬೇಡ. ಊರಿಗೆ ಹೋಗುವವರು ಮರಳುವಾಗ ಹಪ್ಪಳ ಉಪ್ಪಿನಕಾಯಿಗಳ ಗಂಟಿನಲ್ಲಿ ಮನೆಯ ಹಿತ್ತಲಿನ ನಾಲ್ಕು ಬೀಜಗಳನ್ನೂ ತರಲೆಂದು ನಾವು ವಾಚಕರನ್ನು ಕೋರುತ್ತೇವೆ.