ಮಗಳಿಗೂ ಓದಲು ಸಂಜೆ ಬೇಕು

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಸಂಭ್ರಮವೋ ಸಂಭ್ರಮ. ಜಮಾಅತ್‌ನಿಂದ ಸನ್ಮಾನ, ಸ್ಮರಣಿಕೆ, ವಾಟ್ಸ್ಆ್ಯಪ್ ತುಂಬಾ ಅಭಿನಂದನೆ. ಹೆಣ್ಣುಮಕ್ಕಳು ಒಳ್ಳೆಯ ಅಂಕ ತಂದರೆಂದು ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವಳು ಓದಿದ್ದು ಯಾವ ಹೊತ್ತಿನಲ್ಲಿ ಎಂದು ಕೇಳಿದವರು ಎಷ್ಟು ಮಂದಿ?

ಬೆಳಗ್ಗೆ ಮದರಸದಲ್ಲಿ ತೂಕಡಿಸುವ ಮಕ್ಕಳನ್ನು ನಾವು ದಿನಾ ನೋಡುತ್ತೇವೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಒಮ್ಮೆ ನಾವೇ ಗದರಿಸಿದ್ದೆವು, "ರಾತ್ರಿಯೆಲ್ಲ ಮೊಬೈಲ್ ನೋಡಿದ್ದಾ?" ಎಂದು. ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಗೆಳತಿ ಹೇಳಿದಳು: "ಇಲ್ಲ ಉಸ್ತಾದ್, ಅವಳ ಉಮ್ಮನಿಗೆ ಹುಷಾರಿಲ್ಲ. ಪಾತ್ರೆ ತೊಳೆದು ಮುಗಿಯುವಾಗಲೇ ಹನ್ನೊಂದು ಗಂಟೆ." ಅದೇ ಮನೆಯಲ್ಲಿ ಅವಳಿಗಿಂತ ದೊಡ್ಡ ಅಣ್ಣ ಇದ್ದಾನೆ. ಅವನು ಟ್ಯೂಷನ್‌ಗೆ ಹೋಗುತ್ತಾನೆ, ಬಂದು ಊಟ ಮಾಡಿ ಮಲಗುತ್ತಾನೆ. ಗದರಿಸಿದ್ದಕ್ಕೆ ನಮಗೇ ನಾಚಿಕೆಯಾಯಿತು.

ಆ ಮನೆಯವರು ಕೆಟ್ಟವರಲ್ಲ. ನಮ್ಮ ಹೆಚ್ಚಿನ ಮನೆಗಳ ಕ್ರಮವೇ ಇದು. "ನಾಳೆ ಇನ್ನೊಂದು ಮನೆಗೆ ಹೋಗುವವಳು, ಕೆಲಸ ಕಲಿಯಲಿ" ಎನ್ನುತ್ತೇವೆ. ಕೆಲಸ ಕಲಿಯುವುದು ತಪ್ಪಲ್ಲ. ಅವಳೊಬ್ಬಳೇ ಕಲಿಯಬೇಕು ಎನ್ನುವುದು ತಪ್ಪು. ಮನೆಗೆ ನೆಂಟರು ಬಂದರೆ ಶಾಲೆಗೆ ರಜೆ ಹಾಕುವವಳು ಮಗಳೇ. 2024 ಮತ್ತು 2025ರಲ್ಲಿ ಎಸೆಸೆಲ್ಸಿ ಪರೀಕ್ಷೆ ರಮಝಾನ್‌ನಲ್ಲೇ ಬಂತು. ಉಪವಾಸ ಇಬ್ಬರಿಗೂ ಇತ್ತು. ಅಸರ್ ಕಳೆದ ಮೇಲೆ ಮಗ ಪುಸ್ತಕ ಹಿಡಿದ, ಮಗಳು ಇಫ್ತಾರ್‌ಗೆ ಸಮೋಸ ಕರಿಯಲು ನಿಂತಳು. ಎಷ್ಟು ಮನೆಗಳಲ್ಲಿ ಹೀಗಾಯಿತು ಎಂದು ಅವರವರೇ ಲೆಕ್ಕ ಹಾಕಲಿ.

ಇದು ಬ್ಯಾರಿಗಳ ಮನೆಯ ಕತೆ ಮಾತ್ರವೂ ಅಲ್ಲ. 2019ರಲ್ಲಿ ಕೇಂದ್ರ ಸರಕಾರ ದೇಶದಾದ್ಯಂತ ಜನರ ಸಮಯದ ಬಳಕೆಯ ಸಮೀಕ್ಷೆ ನಡೆಸಿತ್ತು. ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಅದರಲ್ಲಿ ಕಳೆಯುತ್ತಿದ್ದುದು 299 ನಿಮಿಷ, ಗಂಡಸರು 97 ನಿಮಿಷ. ಈ ಲೆಕ್ಕ ಶುರುವಾಗುವುದು ಮದುವೆಯ ನಂತರ ಅಲ್ಲ, ಶಾಲೆಯ ಚೀಲ ಹೊರುವ ವಯಸ್ಸಿನಲ್ಲೇ.

ನಿದ್ದೆ ಸಾಲದ ಮಗುವಿಗೆ ತಲೆನೋವು ಬರುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ತಿಂಗಳ ಹೊಟ್ಟೆನೋವಿನ ದಿನವೂ ಬಾಯಿ ಮುಚ್ಚಿ ಕೆಲಸ ಮಾಡುತ್ತಾಳೆ. ಅಂಕ ಕಡಿಮೆಯಾದಾಗ ನಾವೇನು ಹೇಳುತ್ತೇವೆ? "ಅವಳಿಗೆ ಓದು ಹತ್ತುವುದಿಲ್ಲ, ಒಳ್ಳೆಯ ಸಂಬಂಧ ಬಂದಿದೆ" ಎಂದು ಪಿಯುಸಿಗೇ ಓದು ನಿಲ್ಲಿಸುತ್ತೇವೆ. ಓದಲು ಹೊತ್ತು ಕೊಡದವರು ನಾವು, ಫೇಲಾದವಳು ಅವಳು!

ಇದಕ್ಕೆ ದೀನ್‌ನ ಹೆಸರು ಹೇಳಬಾರದು. ಪ್ರವಾದಿ (ಸ.ಅ.)ರವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ, ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು ಎಂದು ಆಯಿಷಾ (ರ.ಅ.) ಉತ್ತರಿಸಿದ್ದು ಬುಖಾರಿಯಲ್ಲಿದೆ. ಕಲಿಯಲು ನಮಗೂ ಸಮಯ ಬೇಕು ಎಂದು ಮಹಿಳೆಯರು ಕೇಳಿಕೊಂಡಾಗ ಪ್ರವಾದಿಯವರು ಅವರಿಗಾಗಿಯೇ ಒಂದು ದಿನ ಗೊತ್ತುಮಾಡಿದರು. ಅವರು ಒಂದು ದಿನವನ್ನೇ ಕೊಟ್ಟರು. ನಾವು ಒಂದು ಸಂಜೆ ಕೊಡಲು ಲೆಕ್ಕ ಹಾಕುತ್ತೇವೆ.

ಗಂಡಸರಿಗೆ ಕೆಲಸ ಬರುವುದಿಲ್ಲವೇ? ದಮ್ಮಾಮ್, ದುಬೈಯ ರೂಮುಗಳಲ್ಲಿ ನಮ್ಮವರು ಸರದಿ ಪ್ರಕಾರ ಅಡುಗೆ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ರಜೆಗೆ ಊರಿಗೆ ಬಂದ ಕೂಡಲೇ ಒಂದು ಲೋಟ ನೀರಿಗೂ ಮಗಳನ್ನು ಕರೆಯುತ್ತಾರೆ. ಅಲ್ಲಿ ಮರ್ಯಾದೆ ಹೋಗದ ಕೆಲಸದಿಂದ ಇಲ್ಲಿ ಹೇಗೆ ಹೋಗುತ್ತದೆ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಮದರಸದ ಕ್ಲಾಸ್ ಗುಡಿಸಲು ಇಷ್ಟು ವರ್ಷ ಹುಡುಗಿಯರನ್ನೇ ಕರೆದವರು ನಾವು. ಪೊರಕೆ ಹೆಣ್ಣಿನ ಕೈಗೆ ಎಂಬ ಪಾಠವನ್ನು ಕಿತಾಬ್ ಇಲ್ಲದೆಯೇ ಕಲಿಸಿದೆವು. ಈಗ ಹುಡುಗರಿಗೂ ಸರದಿ ಹಾಕಿದ್ದೇವೆ. ಮೊದಲ ವಾರ ನಕ್ಕರು, ಈಗ ಯಾರೂ ನಗುವುದಿಲ್ಲ.

ಪೋಷಕರಲ್ಲಿ ನಮ್ಮ ವಿನಂತಿ ದೊಡ್ಡದೇನೂ ಅಲ್ಲ. ಮಗ್ರಿಬ್ ನಮಾಝ್ ಮಾಡಿ, ಕುರ್‌ಆನ್ ಓದಿದ ಮೇಲೆ ರಾತ್ರಿ ಒಂಬತ್ತರವರೆಗೆ ಮಗಳನ್ನು ಅಡುಗೆಮನೆಗೆ ಕರೆಯಬೇಡಿ. ಊಟದ ತಟ್ಟೆಯನ್ನು ಮಗನೂ ತೊಳೆಯಲಿ, ಬಾಪನೂ ತೊಳೆಯಲಿ. ಜಮಾಅತ್‌ನವರು ಮುಂದಿನ ಸನ್ಮಾನ ಸಭೆಯಲ್ಲಿ ಶಾಲು ಹೊದಿಸುವ ಮೊದಲು ಈ ಮಾತನ್ನು ಒಮ್ಮೆ ಹೇಳಲಿ. ಖರ್ಚಿಲ್ಲದ ಈ ಸ್ಕಾಲರ್‌ಶಿಪ್ಪನ್ನು ಮಗಳಿಗೆ ಕೊಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.